ಒಂಬತ್ತು ಸಾವಿರದ ಕಾಗದ

ಕಳೆದ ಭಾನುವಾರ ಮನೆಯಲ್ಲೇ ಕಟ್ಟಿದ ಕಯಾಕ್ ಎಂಬ ಕಿರುದೋಣಿಯನ್ನು ಕುಂದಾಪುರದ ಪಂಚಗಂಗಾವಳಿ ಹೊಳೆಗೆ ಇಳಿಸಿದ ಫೋಟೊ ಹಾಕಿದ್ದೆ. ಅವತ್ತು ರಾತ್ರಿಯಿಂದ ಇನ್‌ಬಾಕ್ಸಿನಲ್ಲಿ ಒಂದೇ ಬೇಡಿಕೆ: "ಸರ್, ಪ್ಲಾನ್ ವಾಟ್ಸಾಪ್ ಮಾಡ್ತೀರಾ?" ಎಲ್ಲರಿಗೂ ಇಲ್ಲ ಎಂದೆ. ಕೆಲವರಿಗೆ ಬೇಸರವಾಗಿದೆ ಅಂತ ಗೊತ್ತು. ಅದಕ್ಕೇ ಕಾರಣವನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಆ ನಕ್ಷೆಯನ್ನು ಅಮೆರಿಕದ ಒಬ್ಬ ದೋಣಿ ವಿನ್ಯಾಸಕಾರರಿಂದ ಕೊಂಡೆ. ಅಂಚೆ ಖರ್ಚೂ ಸೇರಿ ಸುಮಾರು ಒಂಬತ್ತು ಸಾವಿರ ರೂಪಾಯಿ. ಬಂದದ್ದು ನಾಲ್ಕು ದೊಡ್ಡ ಹಾಳೆ, ಒಂದು ತೆಳು ಪುಸ್ತಕ. "ಇಷ್ಟು ಕಾಗದಕ್ಕೆ ಒಂಬತ್ತು ಸಾವಿರವಾ ಮಾರಾಯ!" ಎಂದರು ಭಾವ. ಮೊದಲ ಪುಟದಲ್ಲೇ ಒಂದು ಸಾಲು ಇತ್ತು: ಈ ನಕ್ಷೆಯಿಂದ ಒಂದೇ ದೋಣಿ ಕಟ್ಟಬಹುದು. ಆ ಸಾಲಿಗೆ ಒಪ್ಪಿಯೇ ದುಡ್ಡು ಕೊಟ್ಟದ್ದು. ಕೊಟ್ಟ ಮಾತು ದೂರದವರಿಗಾದರೂ ಮಾತೇ.

ಕಯಾಕ್ ಮೂಲದಲ್ಲಿ ಹಿಮಪ್ರದೇಶದ ಇನ್ಯೂಟ್ ಜನರ ಬೇಟೆ ದೋಣಿ. ತೇಲಿ ಬಂದ ಮರದ ಚೌಕಟ್ಟಿಗೆ ಸೀಲ್ ಚರ್ಮ ಹೊಲಿದು ಮಾಡುತ್ತಿದ್ದರು. ಅಳತೆ ಅವರವರ ಮೈಯಲ್ಲೇ ಇರುತ್ತಿತ್ತು, ಚಾಚಿದ ತೋಳು ಇಷ್ಟು, ಸೊಂಟದ ಅಗಲಕ್ಕೆ ಎರಡು ಮುಷ್ಟಿ ಸೇರಿಸಿದರೆ ಅಷ್ಟು, ಹೀಗೆ. ಪ್ಲೈವುಡ್ ಪಟ್ಟಿಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಅಂಟು ತುಂಬಿ ದೋಣಿ ಮಾಡುವ ಕ್ರಮ ಬಂದದ್ದು ಬಹಳ ಈಚೆಗೆ. 1963ರಲ್ಲಿ ಇಂಗ್ಲೆಂಡಿನ ಡೈಲಿ ಮಿರರ್ ಪತ್ರಿಕೆ ಬ್ಯಾರಿ ಬಕ್ನೆಲ್, ಜ್ಯಾಕ್ ಹೋಲ್ಟ್ ಇಬ್ಬರ ವಿನ್ಯಾಸದ 'ಮಿರರ್' ಎಂಬ ಪುಟ್ಟ ಹಾಯಿದೋಣಿಯನ್ನು ಈ ಕ್ರಮದಲ್ಲೇ ಜನರ ಮುಂದಿಟ್ಟಿತು. ಮರಗೆಲಸ ಗೊತ್ತಿಲ್ಲದವರೂ ಮನೆಯ ಗ್ಯಾರೇಜಿನಲ್ಲಿ ಕಟ್ಟಿದರು. ಈವರೆಗೆ ಅಂಥವು 70,000ಕ್ಕೂ ಹೆಚ್ಚು ಆಗಿವೆ. ಸರಿಯಾಗಿ ಬರೆದ ನಕ್ಷೆಗೆ ಅಷ್ಟು ಶಕ್ತಿ ಇದೆ.

ಇನ್ನು ನನ್ನ ಕೆಲಸದ ಕಥೆ. ನಕ್ಷೆಯಲ್ಲಿ ಹೇಳಿದ್ದು ಆಫ್ರಿಕಾದ ಒಕುಮೆ ಎಂಬ ಹಗುರ ಮರದ ಪ್ಲೈ. ನಮ್ಮಲ್ಲಿ ಸಿಗುವುದು ಐಎಸ್ 710 (ನೀರು ತಾಳುವ ಪ್ಲೈಗೆ ಇರುವ ಭಾರತೀಯ ಮಾನಕ) ಮುದ್ರೆಯ ಮರೈನ್ ಪ್ಲೈ, ಗಟ್ಟಿ, ತೂಕವೂ ಜಾಸ್ತಿ. ಆ ಗುಣಮಟ್ಟದ ಪ್ಲೈ 72 ಗಂಟೆ ಕುದಿನೀರಿನಲ್ಲಿ ಇದ್ದರೂ ಪದರ ಬಿಡಬಾರದು. ಹಾಗಾಗಿ ಮೊದಲು ತಂದ 4 ಮಿಲಿಮೀಟರ್ ಹಾಳೆಯಿಂದ ಅಂಗೈಯಗಲದ ತುಂಡು ಕತ್ತರಿಸಿ ಬಚ್ಚಲಿನ ಹಂಡೆಗೆ ಹಾಕಿದೆ. ಎರಡನೇ ದಿನ ಬೆಳಿಗ್ಗೆ ನೋಡಿದರೆ ಮೂರು ಪದರ ಮೂರು ಕಡೆ, ಹಲಸಿನ ಹಪ್ಪಳದ ಹಾಗೆ ಸುರುಟಿಕೊಂಡು ತೇಲುತ್ತಿತ್ತು. ಮುದ್ರೆ ಮಾತ್ರ ಹಾಳೆಯ ಮೇಲೆ ಸ್ಪಷ್ಟವಾಗಿತ್ತು. ಇದು ಸಣ್ಣ ಮೋಸ ಅಲ್ಲ. ನೀರಿಗೆ ಇಳಿಯುವವನ ಜೀವದ ಪ್ರಶ್ನೆ. ಹಿಂದಿರುಗಿಸಿ ಬೇರೆ ಕಡೆಯಿಂದ ತಂದ ತುಂಡು ಪೂರ್ತಿ ಮೂರು ದಿನ ಬೆಂದರೂ ಅಲ್ಲಾಡಲಿಲ್ಲ. ದೋಣಿ ಕಟ್ಟುವವರು ಈ ಒಂದು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ಎಂಟು ಅಡಿಯ ಹಾಳೆಯಿಂದ ಹದಿನೈದೂವರೆ ಅಡಿಯ ದೋಣಿ ಆಗಬೇಕಾದರೆ ಪಟ್ಟಿಗಳನ್ನು ತುದಿಗೆ ತುದಿ ಸೇರಿಸಬೇಕು. ಅದಕ್ಕೆ ಎರಡೂ ತುದಿಗಳನ್ನು ಓರೆಯಾಗಿ ಕೀಸಿ ಒಂದರ ಮೇಲೊಂದು ಕೂರಿಸಿ ಅಂಟಿಸಬೇಕು. ದಪ್ಪದ ಎಂಟರಷ್ಟು ಉದ್ದದ ಇಳಿಜಾರು, ಅಂದರೆ 32 ಮಿಲಿಮೀಟರ್. ನಾಲ್ಕು ಪಟ್ಟಿಗಳನ್ನು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಜರುಗಿಸಿಟ್ಟು ಒಟ್ಟಿಗೇ ಕೀಸುಳಿ ಹೊಡೆಯುವುದು. ಆಗ ಪದರಗಳ ನಡುವಿನ ಅಂಟು ಕಪ್ಪು ಗೆರೆಗಳಾಗಿ ಕಾಣಿಸುತ್ತದೆ. ಗೆರೆ ಅಂಕುಡೊಂಕಾದರೆ ಕೈ ತಪ್ಪಿದೆ ಅಂತ. ನೇರವಾಗುವವರೆಗೆ ಹೊಡೆಯುತ್ತಾ ಹೋಗಬೇಕು. ನನಗೆ ಎರಡು ಭಾನುವಾರ ಹಿಡಿಯಿತು. ನಕ್ಷೆಯವರು ಈ ಗೆರೆಗಳ ವಿಷಯವನ್ನು ಅರ್ಧ ಪುಟ ಬರೆದಿದ್ದರು. ಭಾವನಿಗೆ ಅದನ್ನೇ ತೋರಿಸಿದೆ, ಒಂಬತ್ತು ಸಾವಿರ ಎಲ್ಲಿಗೆ ಹೋಯಿತು ಅಂತ.

ಆಮೇಲೆ ಹೊಲಿಗೆ. ಅಂಚಿನಲ್ಲಿ ನಾಲ್ಕು ಇಂಚಿಗೊಂದು ತೂತು, ಮೋಟರ್ ರಿವೈಂಡಿಂಗ್ ಅಂಗಡಿಯಿಂದ ತಂದ ತಾಮ್ರದ ತಂತಿ. ನೆಲದ ಮೇಲೆ ಬಳುಕುತ್ತಾ ಬಿದ್ದಿದ್ದ ಪಟ್ಟಿಗಳು ತಂತಿ ಬಿಗಿಯುತ್ತಾ ಹೋದ ಹಾಗೆ ಎದ್ದು ನಿಂತು, ಸಂಜೆಗೆ ಜಗಲಿಯಲ್ಲಿ ದೋಣಿ ಇತ್ತು. ಪಕ್ಕದ ಮನೆಯ ಅಜ್ಜಯ್ಯ ಬಂದದ್ದು ಆಗಲೇ. ಎಂಬತ್ತು ದಾಟಿದವರು, ಹುಡುಗನಾಗಿದ್ದಾಗ ರಂಪಣಿ (ದಡದಿಂದ ಎಳೆಯುವ ದೊಡ್ಡ ಮೀನುಬಲೆ) ದೋಣಿ ಕಟ್ಟುವವರ ಜೊತೆ ಇದ್ದವರು. ಹೊಲಿಗೆಯ ಮೇಲೆ ಬೆರಳಾಡಿಸಿ ಹೇಳಿದರು, "ಹ್ವಾಯ್, ಇದ್ ನಮ್ ಹೊಲ್ದ್ ದೋಣಿಯೇ ಅಲ್ದಾ? ತಂತಿ ಬದ್ಲ್ ಹುರಿ ಹಾಕಿರೆ ನಮ್ದೇ."

ನಿಜ. ಕರಾವಳಿಯ ರಂಪಣಿ ದೋಣಿಗಳಲ್ಲಿ ಹಲಗೆಗಳನ್ನು ತೆಂಗಿನ ಹುರಿಯಿಂದಲೇ ಹೊಲಿಯುತ್ತಿದ್ದರು, ಸಂದಿಗೆ ನಾರು ಒತ್ತಿ. ಅಲೆ ಮರಳಿಗೆ ಎತ್ತಿ ಹಾಕಿದರೂ ದೋಣಿ ಸ್ವಲ್ಪ ಬಾಗಿ ತಾಳಿಕೊಳ್ಳುತ್ತಿತ್ತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು (ಮೀನಿನ ಗುಂಪನ್ನು ಸಮುದ್ರದಲ್ಲೇ ಬಲೆಯಿಂದ ಸುತ್ತುವ ಯಂತ್ರದ ದೋಣಿಗಳು) ಬಂದು ರಂಪಣಿ ಬಹುತೇಕ ಮುಗಿಯಿತು. ಕಟ್ಟುವವರ ಕೆಲಸವೂ ಹೋಯಿತು.

ಸಂದಿಗೆ ತುಂಬುವ ಅಂಟು, ಎಪಾಕ್ಸಿಯ ಕಥೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಏಪ್ರಿಲ್ ಮಧ್ಯಾಹ್ನ ಲೋಟದ ತುಂಬ ಕಲಸಿಟ್ಟರೆ ಅದು ತನ್ನಷ್ಟಕ್ಕೇ ಕಾದು ಹೊಗೆಯಾಡಿ ಕಲ್ಲಾಗುತ್ತದೆ. ನಸುಕಿನಲ್ಲೇ ಕಲಸಿ, ಸ್ವಲ್ಪ ಸ್ವಲ್ಪವೇ, ಅಗಲ ತಟ್ಟೆಯಲ್ಲಿ. ಮಳೆಗಾಲದಲ್ಲಂತೂ ಬೇಡ, ಮೇಲೆ ಜಿಡ್ಡು ಕೂರುತ್ತದೆ. ಕೈಗವಸು, ಮಾಸ್ಕು ಕಡ್ಡಾಯ. ದೋಣಿ ಸಿದ್ಧವಾದಾಗ 27 ಕೆಜಿ, ನಕ್ಷೆ ಹೇಳಿದ್ದಕ್ಕಿಂತ ಏಳು ಹೆಚ್ಚು. ಲೈಫ್ ಜಾಕೆಟ್ ಹಾಕಿಯೇ ಹೋಗುತ್ತೇನೆ, ಇಳಿತದ ಹೊತ್ತಿಗೆ ಅಳಿವೆಯ ಕಡೆ ತಲೆಹಾಕುವುದಿಲ್ಲ.

ನನ್ನನ್ನು ಕಾಡುತ್ತಿರುವುದು ಅಜ್ಜಯ್ಯ ಅವತ್ತು ಹೇಳಿದ ಇನ್ನೊಂದು ಮಾತು. ನಿಮ್ಮ ದೋಣಿಯ ಅಳತೆ ಎಲ್ಲಿ ಬರೆದಿಡುತ್ತಿದ್ದರು ಅಂತ ಕೇಳಿದೆ. "ಅದ್ ಕೈಯಂಗೆ ಇಪ್ದ್ ಮಗಾ, ಬರ್ದಿಡುದ್ ಯಾರ್?" ಎಂದರು. ಕಳೆದ ವರ್ಷ, 2025ರ ಮೇ 21ರಂದು, ನೌಕಾಪಡೆ 'ಕೌಂಡಿನ್ಯ' ಎಂಬ ಹೊಲಿದ ಹಡಗನ್ನು ನಮ್ಮ ಕಾರವಾರದಲ್ಲೇ ಸೇರಿಸಿಕೊಂಡಿತು. ಹಳೆಯ ನಕ್ಷೆ ಎಂಬುದೇ ಇಲ್ಲದ ಕಾರಣ ಅಜಂತಾ ಗುಹೆಯ ಒಂದು ಚಿತ್ರ ನೋಡಿ ಅದರ ಆಕಾರ ಊಹಿಸಬೇಕಾಯಿತು. ಹೊಲಿದದ್ದು ಕೇರಳದ ಕುಶಲಕರ್ಮಿಗಳು, ಅವರ ಕೈಯಲ್ಲಿ ಆ ವಿದ್ಯೆ ಇನ್ನೂ ಉಳಿದಿತ್ತು. ಅದನ್ನು ಓದಿದಾಗ ಹೆಮ್ಮೆಯಾಯಿತು, ಹೊಟ್ಟೆ ಉರಿದೂ ಹೋಯಿತು. ಹಿಮದೇಶದ ದೋಣಿಯನ್ನು ಕುಂದಾಪುರದ ಜಗಲಿಯಲ್ಲಿ ಕಟ್ಟಲು ನನಗೆ ನಕ್ಷೆಯ ಹಾಳೆ ಸಿಗುತ್ತದೆ. ನನ್ನ ಊರಿನ ದೋಣಿಗೆ ಅಂಥ ಹಾಳೆ ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ದುಡ್ಡು ಕೊಟ್ಟು ನಕ್ಷೆ ಕೊಂಡರೆ ಅದನ್ನು ಬರೆದವನು ಇನ್ನೊಂದನ್ನು ಬರೆಯುತ್ತಾನೆ. ಪಿಡಿಎಫ್ ಹಂಚಿದರೆ ನಿಲ್ಲಿಸುತ್ತಾನೆ. ನಮ್ಮ ದೋಣಿಗಳಿಗೂ ಒಂದು ದಿನ ಯಾರಾದರೂ ಕುಳಿತು ಬರೆದು, ಅದರಿಂದ ಅವರಿಗೂ ಆ ಅಜ್ಜಯ್ಯಂದಿರ ಮನೆಗೂ ನಾಲ್ಕು ಕಾಸು ಬರಬೇಕು ಎಂಬುದು ನನ್ನ ಆಸೆ.

ಅಜ್ಜಯ್ಯನ ಮನೆಯ ಹಿಂದೆ, ತೆಂಗಿನ ಮಡಲಿನ ಕೆಳಗೆ, ಒಂದು ಹೊಲಿದ ದೋಣಿ ಬೋರಲು ಬಿದ್ದಿದೆ. ಒಂದು ಕಡೆ ಗೆದ್ದಲು ತಿಂದಿದೆ, ಇನ್ನೊಂದು ಕಡೆ ಗಟ್ಟಿ ಇದೆ. ಬರುವ ಭಾನುವಾರ ಬೆಳಿಗ್ಗೆ 7ಕ್ಕೆ ಅಡಿ ಅಡಿಗೂ ಅದರ ಅಳತೆ ತೆಗೆಯಲು ಶುರು ಮಾಡುತ್ತೇನೆ, ಅಜ್ಜಯ್ಯ ಕುರ್ಚಿ ಹಾಕಿ ಕೂರುತ್ತೇನೆ ಎಂದಿದ್ದಾರೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಜನ ಬೇಕು. ಬರುವವರು ಮೆಸೇಜ್ ಮಾಡಿ.