ಗಂಟು ಸಿಕ್ಕಿದ ಮೇಲೆ ಮಾಡಿಸುವುದು ಸ್ಕ್ರೀನಿಂಗ್ ಅಲ್ಲ

"ನನಗೆ ಎಂತ ತೊಂದರೆಯೂ ಇಲ್ಲ, ಮತ್ತೆ ಮ್ಯಾಮೊಗ್ರಾಮ್ ಯಾಕೆ?" ಅಂತ ಕೇಳುವ ಅಕ್ಕಂದಿರಿಗೆ ಇದು. ಮ್ಯಾಮೊಗ್ರಾಮ್ ಅಂದರೆ ಸ್ತನವನ್ನು ಒತ್ತಿ ಹಿಡಿದು ತೆಗೆಯುವ ಎಕ್ಸ್-ರೇ. ಸ್ಕ್ರೀನಿಂಗ್, ಅಂದರೆ ಕಾಯಿಲೆ ಕಾಣಿಸಿಕೊಳ್ಳುವ ಮೊದಲೇ ಹುಡುಕಿ ನೋಡುವ ಪರೀಕ್ಷೆ, ಇರುವುದೇ ತೊಂದರೆ ಇಲ್ಲದವರಿಗೆ. ಸ್ತನ ಕ್ಯಾನ್ಸರಿನ ಗಂಟು ಶುರುವಿಗೆ ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲವಲ್ಲ, ನವರಾತ್ರಿ ಕಳೆಯಲಿ, ಮಗಳ ಮದುವೆ ಮುಗಿಯಲಿ ಅಂತ ಮುಂದೆ ಹಾಕುವಾಗಲೇ ಅದು ಕಂಕುಳಿಗೆ ಇಳಿಯುವುದು.

40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಎಂಬುದು ಅಮೆರಿಕದ ತಜ್ಞರ ಕಾರ್ಯಪಡೆ 2024ರಲ್ಲಿ ಕೊಟ್ಟ ಸಲಹೆ. ತಾಯಿಗೋ ಅಕ್ಕತಂಗಿಗೋ ಬಂದಿದ್ದರೆ ಯಾವಾಗ ಶುರುಮಾಡಬೇಕು ಅಂತ ಡಾಕ್ಟರ ಹತ್ತಿರ ಬೇಗ ಕೇಳಿ. ನಮ್ಮ ಸರಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ ಉಂಟು. ಅದನ್ನು ಸಸಾರ ಮಾಡಬೇಡಿ. ಮುಂಬೈಯ ದೀರ್ಘ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ಆದ ಗುಂಪಿನಲ್ಲಿ, 50 ದಾಟಿದ ಹೆಂಗಸರ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಕಡಿಮೆ ಇತ್ತು.

ಮ್ಯಾಮೊಗ್ರಾಮಿಗೆ ಆ ತಿಂಗಳ ಮುಟ್ಟು ಮುಗಿದ ಮೇಲಿನ ವಾರ ಒಳ್ಳೆಯದು, ಆಗ ಒತ್ತಿದರೆ ನೋವು ಕಡಿಮೆ. ನಮ್ಮ ಸೆಕೆಗೆ ಕಂಕುಳಿಗೆ ಪೌಡರ್ ಹಾಕದೆ ಹೊರಡುವುದು ಕಷ್ಟವೇ, ಆದರೆ ಆ ದಿನ ಪೌಡರೂ ಬೇಡ, ಡಿಯೋಡ್ರೆಂಟೂ ಬೇಡ. ಅದರ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಬಿದ್ದು, ಕ್ಯಾನ್ಸರಿನ ಸೂಚನೆಯಾಗಬಹುದಾದ ಸುಣ್ಣದ ಕಣಗಳ ಹಾಗೆ ಕಾಣುತ್ತವೆ. ಸೀರೆಯೋ ಚೂಡಿದಾರೋ ಉಟ್ಟು ಹೋದರೆ ಮೇಲಿನದ್ದು ಮಾತ್ರ ತೆಗೆದರೆ ಸಾಕು. ಕರಿಮಣಿ ತೆಗೆಯಲು ಮನಸ್ಸಿಲ್ಲದಿದ್ದರೆ ಬೆನ್ನಿಗೆ ಸರಿಸಬಹುದೇ ಅಂತ ಟೆಕ್ನಿಶಿಯನ್ ಹತ್ತಿರ ಕೇಳಿ. ಒಂದೊಂದು ಸ್ತನಕ್ಕೆ ಎರಡು ಚಿತ್ರ, ಒಂದು ಮೇಲಿನಿಂದ, ಒಂದು ಓರೆಯಾಗಿ. ಒತ್ತಿ ಹಿಡಿಯುವುದು ಕೆಲವೇ ಸೆಕೆಂಡು. ಚಪ್ಪಟೆಯಾಗದಿದ್ದರೆ ಪದರದ ಮೇಲೆ ಪದರ ಬಿದ್ದು ಸಣ್ಣ ಗಂಟು ಅಡಗುತ್ತದೆ. ಹಳೆಯ ಫಿಲ್ಮ್ ಇದ್ದರೆ ಮರೆಯದೆ ತನ್ನಿ. ಹೊಸತಾಗಿ ಏನು ಬಂದಿದೆ ಎಂದು ಹೋಲಿಸಿಯೇ ಹೇಳಬೇಕಾಗುತ್ತದೆ.

ತಪ್ಪಿಹೋಗುವುದು ಹೆಚ್ಚಾಗಿ ರಿಪೋರ್ಟ್ ಕೈಗೆ ಬಂದ ಮೇಲೆ. ಚಿತ್ರ ನೋಡಿ ಡಾಕ್ಟರು ಕೊಡುವ ದರ್ಜೆಗೆ ಬೈರಾಡ್ಸ್ ಅಂತ ಹೆಸರು. ಬೈರಾಡ್ಸ್ 0 ಅಂತ ಬರೆದಿದ್ದರೆ 'ಏನೂ ಇಲ್ಲ' ಎಂದಲ್ಲ, ಇನ್ನೂ ಚಿತ್ರ ಬೇಕು ಎಂದು. 3 ಆದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಪುನಃ ಬರಬೇಕು. 4, 5 ಆದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಗಂಟಿನ ಸಣ್ಣ ತುಂಡು ತೆಗೆದು ಪರೀಕ್ಷಿಸುವುದು. ಸ್ತನ ದಟ್ಟವಾಗಿದ್ದರೆ (ಕೊಬ್ಬು ಕಡಿಮೆ, ಗ್ರಂಥಿ ಹೆಚ್ಚು) ಚಿತ್ರದಲ್ಲಿ ಗಂಟು ಮರೆಯಾಗಬಹುದು, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬೇಕೇ ಅಂತ ಕೇಳಿ. ಮ್ಯಾಮೊಗ್ರಾಮ್ ನಾರ್ಮಲ್ ಬಂದರೂ ಕೈಗೆ ಗಂಟು ಸಿಗುತ್ತಿದ್ದರೆ, ತೊಟ್ಟು ಒಳಗೆ ಎಳೆದಿದ್ದರೆ, ತೊಟ್ಟಿನಿಂದ ರಕ್ತ ಬಂದರೆ ಸುಮ್ಮನಿರಬೇಡಿ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆ ಬಿಡಿ. ಬಯಾಪ್ಸಿಯ ತುಂಡಿನಿಂದಲೇ ಈಆರ್, ಪಿಆರ್, ಹರ್-2 ಪರೀಕ್ಷೆ (ಕ್ಯಾನ್ಸರ್ ಯಾವ ಬಗೆಯದ್ದು ಎಂದು ತಿಳಿಯಲು), ಅದರ ಮೇಲೆಯೇ ಚಿಕಿತ್ಸೆ. ಗಂಟು ಸಣ್ಣದಿರುವಾಗ ಸಿಕ್ಕಿದರೆ ಎಷ್ಟೋ ಸಲ ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟು ಸ್ತನ ಉಳಿಸಬಹುದು.

ಖರ್ಚಿನ ಚಿಂತೆ ಇದ್ದವರು ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಮಂಗಳೂರಿನ ವೆನ್ಲಾಕ್‌ಗೋ ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಗೋ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ರೆಫರಲ್ ಚೀಟಿ ಈ ಸರಕಾರಿ ಆಸ್ಪತ್ರೆಯಿಂದಲೇ ಕೇಳಿ ತನ್ನಿ.