ಎರಡು ಆಂಟಿಬಯೋಟಿಕ್ ಕೂಡಿಸಿದ್ರ ಡಬಲ್ ಪವರ್ ಅಲ್ರಿ

ನಮ್ಮ ಕಲಬುರಗಿ ಕಡೆ ವಾಟ್ಸಾಪ್‌ನ್ಯಾಗ ಒಂದು ಮೆಸೇಜ್ ತಿರುಗಾಡ್ಲಿಕತ್ತದ, ಒಂದು ಆಂಟಿಬಯೋಟಿಕ್ ಹತ್ತಲಿಲ್ಲಂದ್ರ ಮೆಡಿಕಲ್‌ನ್ಯಾಗ ಇನ್ನೊಂದು ತಗೊಂಡು ಎರಡೂ ಕೂಡೇ ನುಂಗ್ರಿ, ಎಂಥಾ ಗಟ್ಟಿ ಬ್ಯಾಕ್ಟೀರಿಯಾನೂ ಸಾಯ್ತದ ಅಂತ. ಅರ್ಧ ಖರೆ ಅದ, ಅದಕ್ಕೇ ಜಾಸ್ತಿ ಡೇಂಜರ್.

ಕೂಡಿಸಿ ಕೊಡೋದು ಹೊಸದೇನಲ್ಲ. ಟಿಬಿಗೆ ಮೊದಲ 2 ತಿಂಗಳು 4 ಔಷಧ ಒಟ್ಟಿಗೆ ಕೊಡ್ತಾರ, ಒಂದಕ್ಕ ಬಗ್ಗದ ಬ್ಯಾಕ್ಟೀರಿಯಾ ಇನ್ನೊಂದಕ್ಕ ಸಿಗ್ಲಿ ಅಂತ. ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಜೋಡಿ ಕ್ಲಾವುಲಾನಿಕ್ ಆಸಿಡ್ ಇರ್ತದಲ್ಲ, ಅದು ತಾನು ಅಷ್ಟೇನೂ ಕೊಲ್ಲಂಗಿಲ್ಲ, ಔಷಧ ಮುರಿಯೋ ಬ್ಯಾಕ್ಟೀರಿಯಾದ ಎಂಜೈಮ್‌ನ ಕೈ ಕಟ್ಟಿ ಕೂಡಸ್ತದ (ನನಗಂತೂ ಇದು ಭಾರಿ ಐಡಿಯಾ ಅನಸ್ತದ).

ಆದ್ರ ಎಲ್ಲಾ ಜೋಡಿ ಹೊಂದಂಗಿಲ್ರಿ. ಪೆನ್ಸಿಲಿನ್ ಬ್ಯಾಕ್ಟೀರಿಯಾ ಬೆಳಿಯೋ ಹೊತ್ತಿಗೆ ಅದರ ಗೋಡೆ ಕೆಡಿಸಿ ಕೊಲ್ತದ, ಟೆಟ್ರಾಸೈಕ್ಲಿನ್ ಬೆಳಿಯೋದನ್ನೇ ನಿಲ್ಲಸ್ತದ, ಮತ್ತ ಪೆನ್ಸಿಲಿನ್‌ಗೆ ಕೆಲಸ ಎಲ್ಲಿ ಉಳೀತು? 1951ರಾಗ ಬ್ಯಾಕ್ಟೀರಿಯಾದಿಂದ ಮಿದುಳಿನ ಪೊರೆಗೆ ಸೋಂಕು (ಮೆನಿಂಜೈಟಿಸ್) ಆದವರಿಗೆ ಈ ನಮೂನಿ ಜೋಡಿ ಕೊಟ್ಟಾಗ, ಬರೇ ಪೆನ್ಸಿಲಿನ್ ತಗೊಂಡವರಿಗಿಂತ ಸತ್ತವರ ಪ್ರಮಾಣ ಜಾಸ್ತಿ ಇತ್ತು. ವ್ಯಾಂಕೋಮೈಸಿನ್, ಜೆಂಟಾಮೈಸಿನ್ ಅನ್ನೋ ಎರಡು ಆಂಟಿಬಯೋಟಿಕ್ ಕೂಡಿದ್ರ ಕಿಡ್ನಿಗೆ ಪೆಟ್ಟು ಬೀಳೋ ಚಾನ್ಸ್ ಹೆಚ್ಚು.

ಬ್ಯಾಕ್ಟೀರಿಯಾ ಯಾವ ಔಷಧಕ್ಕ ಬಗ್ತದ ಅಂತ ತಿಳಿಲಿಕ್ಕೆ ಡಾಕ್ಟರ್ ರಕ್ತಾನೋ ಮೂತ್ರಾನೋ ಕಲ್ಚರ್‌ಗೆ (ಲ್ಯಾಬ್‌ನ್ಯಾಗ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಟೆಸ್ಟ್) ಕಳಸ್ತಾರ, ರಿಪೋರ್ಟ್‌ಗೆ 2-3 ದಿನ ಹಿಡೀತದ. ಮೊದಲೇ ಆಂಟಿಬಯೋಟಿಕ್ ಗುಳಿಗಿ ನುಂಗಿ ಹೋದ್ರ ಆ ರಿಪೋರ್ಟೂ ಸರಿ ಬರಂಗಿಲ್ಲ.