ಎಲೆ ಉದುರುವ ಮುಹೂರ್ತ

ಮದುವೆಗೆ ಮುಹೂರ್ತ ನೋಡುವುದು ಗೊತ್ತಿತ್ತು. ಎಲೆ ಸಾಯುವುದಕ್ಕೂ ಮುಹೂರ್ತ ನೋಡುತ್ತಾರೆ ಅಂತ ಗೊತ್ತಾಗಿದ್ದು ಶರತ್ಕಾಲದಲ್ಲಿ ಎಲೆ ಬಣ್ಣ ತಿರುಗುವುದನ್ನು ನೋಡುವ ಪ್ರವಾಸಕ್ಕೆ ಯೋಜನೆ ಹಾಕಲು ಕೂತಾಗ.

ಈ ಮುಹೂರ್ತದ ಹೆಸರು ‘ಪೀಕ್’. ಹಸಿರು ಪೂರ್ತಿ ಹೋಗಿರಬೇಕು, ಎಲೆ ಹೋಗಿರಬಾರದು. ಮರ ಕೆಂಪಾಗಿರಬೇಕು, ಬೋಳಾಗಿರಬಾರದು. ಒಂದು ಜಾಗದಲ್ಲಿ ಈ ಭಾಗ್ಯ ಒಂದೆರಡು ವಾರ ಇದ್ದರೆ ಹೆಚ್ಚು. ನಡುವೆ ಜೋರಾಗಿ ಗಾಳಿಮಳೆ ಬಂದರೆ ಅದೂ ಇಲ್ಲ. ಇಂಥ ಎಲೆಯನ್ನು ನಂಬಿ ನಾವು ಆರು ತಿಂಗಳು ಮೊದಲೇ ರೂಮು ಬುಕ್ ಮಾಡುತ್ತೇವೆ. ರದ್ದು ಮಾಡಿದರೆ ಹಣ ವಾಪಸಿಲ್ಲ ಎಂಬ ಷರತ್ತಿಗೆ ‘ಒಪ್ಪಿದ್ದೇನೆ’ ಅಂತ ಗುಂಡಿ ಒತ್ತುತ್ತೇವೆ. ಎಲೆ ಯಾವ ಗುಂಡಿಯನ್ನೂ ಒತ್ತಿರುವುದಿಲ್ಲ.

ಮುಹೂರ್ತ ಅಂದಮೇಲೆ ಪಂಚಾಂಗವೂ ಇರಬೇಕಲ್ಲ, ಇದೆ. ಯಾವ ವಾರ ಎಲ್ಲಿ ಬಣ್ಣ ಬರುತ್ತದೆ ಎಂದು ಹೇಳುವ ನಕಾಶೆಗಳು. ಕೆಳಗಿನ ಗುಂಡಿಯನ್ನು ಬೆರಳಲ್ಲಿ ಎಳೆದರೆ ಇಡೀ ದೇಶ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ, ಅಲ್ಲಿಂದ ಕಂದುಬಣ್ಣಕ್ಕೆ ತಿರುಗುತ್ತದೆ. ನಮ್ಮ ಮನೆಯವರು ಈ ಗುಂಡಿಯನ್ನು ಒಂದು ರಾತ್ರಿ ಪೂರ್ತಿ ಹಿಂದೆ ಮುಂದೆ ಎಳೆದರು. ಪ್ರಪಂಚದಲ್ಲಿ ಯಾರೂ ನೋಡದಷ್ಟು ಶರತ್ಕಾಲಗಳನ್ನು ಅವರು ಸೋಫಾದ ಮೇಲೆ ಮಲಗಿಕೊಂಡೇ ನೋಡಿದ್ದಾರೆ.

ಜಪಾನಿನವರು ಇದರಲ್ಲೂ ಶಿಸ್ತು. ಅಲ್ಲಿನ ಹವಾಮಾನ ಇಲಾಖೆ ಕೆಲವು ಮರಗಳನ್ನು ಗುರುತು ಮಾಡಿ ಇಟ್ಟುಕೊಂಡಿದೆ. ಆ ಮೇಪಲ್ಲು, ಆ ಗಿಂಕ್ಗೊ ಮರದ ಎಲೆಗಳಲ್ಲಿ ಹೆಚ್ಚಿನವು ಬಣ್ಣ ತಿರುಗಿದ ದಿನವೇ ದಾಖಲೆಗೆ ಹೋಗುವ ದಿನ. ಅಂದರೆ ಮರಕ್ಕೂ ಸರ್ಕಾರಿ ಕೆಲಸ. ಕೆಲಸವೇನೆಂದರೆ ನಿಂತಲ್ಲೇ ನಿಂತಿರುವುದು, ಕಾಲಕ್ಕೆ ತಕ್ಕಂತೆ ಬಣ್ಣ ಬದಲಿಸುವುದು. ಇಷ್ಟು ಹೇಳಿ ಮಾಡಿಸಿದ ನೇಮಕಾತಿ ಇನ್ನೊಂದು ಕಂಡಿಲ್ಲ.

ಪಾಪ, ಮರಕ್ಕೆ ಇದ್ಯಾವುದೂ ಗೊತ್ತಿಲ್ಲ. ಹಗಲು ಮೋಟಾಗುತ್ತಾ ಬಂದಂತೆ ಅದು ಅಂಗಡಿ ಮುಚ್ಚುವ ತಯಾರಿಯಲ್ಲಿರುತ್ತದೆ. ಎಲೆಯಲ್ಲಿದ್ದ ಸಾರಜನಕವನ್ನು, ರಂಜಕವನ್ನು ಕೈಲಾದಷ್ಟು ಕೊಂಬೆಗೆ ವಾಪಸು ಎಳೆದುಕೊಳ್ಳುತ್ತದೆ. ಹಸಿರು ಬಣ್ಣದ ಪತ್ರಹರಿತ್ತು ಒಡೆದುಹೋಗುತ್ತದೆ, ಇಷ್ಟು ದಿನ ಅದರ ಹಿಂದೆ ಅಡಗಿದ್ದ ಹಳದಿ ಆಚೆ ಬರುತ್ತದೆ. ಕೆಂಪು ಮಾತ್ರ ಕೆಲವು ಮರಗಳು ಕೊನೇ ಗಳಿಗೆಯಲ್ಲಿ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ಮಾಡಿಕೊಳ್ಳುವುದು. ಹಗಲು ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದರೆ ಕೆಂಪು ಚೆನ್ನಾಗಿ ಏರುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆಸಿ, ಎಲೆಗೆ ಬಾಗಿಲು ತೋರಿಸುತ್ತದೆ. ಖರ್ಚು ಉಳಿಸಲು ಮರ ಮಾಡುವ ಈ ಕೆಲಸವನ್ನು ನೋಡಲು ನಾವು ಸಾಲದ ಕಾರ್ಡು ತೆಗೆಯುತ್ತೇವೆ.

ಮನೆಯಲ್ಲಿ ಸಭೆ ಸೇರಿತು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಇವರಿಗೆ ಬೆಟ್ಟ ಬೇಕು, ನನಗೆ ಕೆರೆ ಬೇಕು, ಮಗನಿಗೆ ವೈಫೈ ಬೇಕು. ಬಣ್ಣ ಬೆಟ್ಟದ ತಲೆಯಲ್ಲಿ ಮೊದಲು ಬರುತ್ತದೆ, ತಪ್ಪಲಿಗೆ ತಡವಾಗಿ ಇಳಿಯುತ್ತದೆ. ಹಾಗಾಗಿ ಮೇಲೆ ಹೋದರೆ ‘ಮುಗಿದುಹೋಯಿತು’, ಕೆಳಗೆ ಬಂದರೆ ‘ಇನ್ನೂ ಶುರುವಾಗಿಲ್ಲ’. ಇವರು ಎಕ್ಸೆಲ್‌ನಲ್ಲಿ ಎತ್ತರಕ್ಕೊಂದು ಕಾಲಂ ಮಾಡಿದರು. ಎಲ್ಲ ಕೇಳಿಸಿಕೊಂಡ ಅತ್ತೆ, “ಹಣ್ಣೆಲೆ ನೋಡೋಕೆ ಅಷ್ಟು ದೂರ ಯಾಕೋ? ಮನೇಲೇ ಒಂದಿದೆಯಲ್ಲ” ಅಂದರು. ಮಗ ಫೋನಿನಿಂದ ತಲೆ ಎತ್ತದೆ ನಕ್ಕ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುವುದು ಗಾದೆಯಲ್ಲಷ್ಟೇ ಅಲ್ಲ.

ಆಮೇಲೆ ಪ್ಯಾಕೇಜು. ದಂಪತಿಗಳಿಗೆ ಒಂದು, ಕುಟುಂಬಕ್ಕೆ ಒಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಅದೇ ಬೆಟ್ಟ, ಅದೇ ಮರ, ಅದೇ ಕಿಟಕಿ. ದಂಪತಿಗಳದ್ದರಲ್ಲಿ ‘ಏಕಾಂತ’ ಎಂಬ ಪದ ಐದು ಸಲ ಬರುತ್ತದೆ, ಕುಟುಂಬದ್ದರಲ್ಲಿ ‘ನೆನಪುಗಳು’ ಎಂಬುದು ಆರು ಸಲ. ವ್ಯತ್ಯಾಸವೆಲ್ಲ ಮಂಚಗಳ ಸಂಖ್ಯೆಯಲ್ಲಿ. ಏಕಾಂತದ ವಿಚಾರ ಇನ್ನೂ ಸ್ವಾರಸ್ಯ: ‘ಯಾರಿಗೂ ಗೊತ್ತಿಲ್ಲದ ತಾಣಗಳು’ ಎಂಬ ಪಟ್ಟಿಯನ್ನು ಎಲ್ಲರೂ ಓದುತ್ತಾರೆ. ‘ಜನಜಂಗುಳಿ ತಪ್ಪಿಸಲು ವಾರದ ಮಧ್ಯೆ ಬೆಳಿಗ್ಗೆ ಬೇಗ ಹೋಗಿ’ ಎಂಬ ಸಲಹೆಯನ್ನೂ ಎಲ್ಲರೂ ಓದಿರುತ್ತಾರೆ. ಬುಧವಾರ ಬೆಳಿಗ್ಗೆ ಆರಕ್ಕೆ ಜಂಗುಳಿ ತಪ್ಪಿಸಿಕೊಳ್ಳಲು ಬಂದವರದ್ದೇ ಒಂದು ಜಂಗುಳಿ.

ಈ ಹುಚ್ಚಿನ ಜಾತ್ರೆ ನೋಡಬೇಕಾದರೆ ಅಮೆರಿಕದ ವರ್ಮಾಂಟ್ ರಾಜ್ಯ. ಅಲ್ಲಿ ಮುಕ್ಕಾಲು ಪಾಲು ನೆಲ ಕಾಡೇ, ಎತ್ತ ತಿರುಗಿದರೂ ಮೇಪಲ್ಲು. ಆದರೆ ಜನಕ್ಕೆ ಬೇಕಾಗಿದ್ದು ಪಾಮ್‌ಫ್ರೆಟ್ ಎಂಬ ಪುಟ್ಟ ಊರಿನ ಒಂದೇ ಒಂದು ತೋಟದ ಮನೆ. ಯಾಕೆ? ಫೋನಿನಲ್ಲಿ ಕಂಡದ್ದು ಅದೇ. ಅದು ಖಾಸಗಿ ಜಮೀನು, ಹೋಗುವ ದಾರಿ ಕಿರಿದಾದ ಹಳ್ಳಿ ರಸ್ತೆ. ಕಾರುಗಳು ಚರಂಡಿಗಿಳಿದವು, ತೋಟಗಳು ತುಳಿತಕ್ಕೆ ಸಿಕ್ಕವು. ಬಟ್ಟೆ ಬದಲಿಸಲು ಮಡಚುವ ಗುಡಾರ ಹೊತ್ತು ತಂದವರೂ ಇದ್ದರಂತೆ. ಮರ ವರ್ಷಕ್ಕೊಂದು ಸಲ ಬಟ್ಟೆ ಬದಲಿಸುತ್ತದೆ, ಅದರ ಮುಂದೆ ನಿಂತವರು ಗಂಟೆಗೆ ನಾಲ್ಕು ಸಲ. ಸಾಕಾಗಿಹೋದ ಊರಿನವರು 2023ರ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 15ರವರೆಗೆ ಹೊರಗಿನವರಿಗೆ ಆ ರಸ್ತೆಯನ್ನೇ ಮುಚ್ಚಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋಣವೆಂದರೆ, ಈ ಕೋಟೆ ವರ್ಷವರ್ಷವೂ ಸೂರೆ ಹೋಗುವಂಥದ್ದು. ನನಗೆ ಕನಿಕರ ಆ ಜಿಲ್ಲೆಯ ಉಳಿದ ಮರಗಳ ಬಗ್ಗೆ. ಅಷ್ಟೇ ಕೆಂಪಾಗಿ, ಅಷ್ಟೇ ಕಷ್ಟಪಟ್ಟು ನಿಂತಿದ್ದವು. ಒಂದು ಕಾರೂ ನಿಧಾನ ಮಾಡಲಿಲ್ಲ.

ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕ್ಯಾಂಕಮಾಗಸ್ ಎಂಬ ಹೆದ್ದಾರಿ ಇದೆ, ಸುಮಾರು 55 ಕಿ.ಮೀ., ದಾರಿಯಲ್ಲಿ ಒಂದೂ ಪೆಟ್ರೋಲ್ ಬಂಕ್ ಇಲ್ಲ. ಅಕ್ಟೋಬರ್ ರಜೆಯಲ್ಲಿ ಅಲ್ಲಿ ಎರಡು ಸಾಲು ಕೆಂಪು ನೋಡಬಹುದು, ಮೇಲೆ ಎಲೆಗಳದ್ದು, ಕೆಳಗೆ ಮುಂದಿನ ಕಾರುಗಳ ಬ್ರೇಕ್ ದೀಪಗಳದ್ದು. ಎರಡನೆಯದು ಗಾಳಿಮಳೆಗೆ ಉದುರುವುದಿಲ್ಲ. ದಕ್ಷಿಣದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ 2023ರಲ್ಲಿ 1.3 ಕೋಟಿಗೂ ಹೆಚ್ಚು ಭೇಟಿಗಳು ದಾಖಲಾದವು. ಪ್ರವೇಶ ಪುಕ್ಕಟೆ. ಆದರೆ ಆ ವರ್ಷದ ಮಾರ್ಚ್‌ನಿಂದ ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸಿದರೆ ಚೀಟಿ ಕೊಳ್ಳಬೇಕು. ಹದಿನೈದು ನಿಮಿಷದಲ್ಲಿ ಪ್ರಕೃತಿಯಲ್ಲಿ ಲೀನವಾಗಿ ವಾಪಸು ಬಂದುಬಿಟ್ಟರೆ ಖರ್ಚಿಲ್ಲ. ಹೆಚ್ಚಿನವರಿಗೆ ಅಷ್ಟು ಹೊತ್ತೂ ಬೇಕಾಗುವುದಿಲ್ಲ ಅನ್ನುವುದು ಬೇರೆ ಮಾತು.

ಕೊನೆಗೆ ನಾವೂ ಹೊರಟೆವು. ಯಾವ ಬೆಟ್ಟ ಅಂತ ಹೇಳುವುದಿಲ್ಲ, ಹೇಳಿದರೆ ಅದೂ ಪಟ್ಟಿಗೆ ಸೇರುತ್ತದೆ. ನಾಲ್ವರಿಗೂ ಎಲೆಯ ಬಣ್ಣದ ಸ್ವೆಟರ್, ಇವರ ಒತ್ತಾಯ. ಕಾಡಿನೊಳಗೆ ಹತ್ತು ಹೆಜ್ಜೆ ಹೋಗಿದ್ದೇ ತಡ, ಮಗ ಎಲ್ಲಿದ್ದಾನೆ ಅಂತ ಕಾಣದೆ ಕಾಲು ಗಂಟೆ ಕೂಗಾಡಿದೆವು. ಅಷ್ಟರ ಮಟ್ಟಿಗೆ ಪ್ರಕೃತಿಯೊಡನೆ ಬೆರೆತದ್ದು ನಿಜ.

ವೀಕ್ಷಣಾ ತಾಣ ಮುಟ್ಟಿದಾಗ ಮಂಜು. ಎಂಥ ಮಂಜು ಅಂದರೆ ಪಕ್ಕದಲ್ಲಿದ್ದ ಅತ್ತೆಯ ದನಿ ಮಾತ್ರ ಇತ್ತು. ಎದುರಿಗೆ ಇರಬೇಕಾದ ಕಣಿವೆ, ಅದರ ಕೆಂಪು, ಹಳದಿ, ಪೀಕ್, ಎಕ್ಸೆಲ್ ಹಾಳೆಯ ಎಲ್ಲ ಕಾಲಂಗಳೂ ಬೆಳ್ಳಗೆ. ಕಟಕಟೆಯ ಹತ್ತಿರ ಮಾತ್ರ ಒಂದು ದೊಡ್ಡ ಫಲಕ. ಅದರಲ್ಲಿ ಇದೇ ಕಣಿವೆಯ ಬಣ್ಣದ ಫೋಟೊ, ‘ಇಲ್ಲಿಂದ ಕಾಣುವ ದೃಶ್ಯ’ ಎಂದು ಕೆಳಗೆ ಬರಹ.

ಫಲಕದ ಮುಂದೆ ನಲವತ್ತು ಜನರ ಸರತಿ. ಒಂದು ಜೋಡಿ ಬಂದು ತಲೆಗೆ ತಲೆ ತಾಗಿಸಿ ನಿಂತಿತು, ಫಲಕದ ಅಂಚು ಕಾಣದಂತೆ ಕ್ಯಾಮೆರಾ ಓರೆ ಮಾಡಿಸಿಕೊಂಡು ಕ್ಲಿಕ್ಕಿಸಿಕೊಂಡಿತು. ಮುಂದಿನ ಕುಟುಂಬ ಬಂತು. ಇವರು ಗಡಿಯಾರ ನೋಡಿಕೊಂಡರು, ಸರತಿಯ ಉದ್ದ ನೋಡಿದರು, ಹೋಗಿ ಕೊನೆಯಲ್ಲಿ ನಿಂತು ನಮ್ಮನ್ನು ಕರೆದರು.

“ಬನ್ನಿ ಬನ್ನಿ, ಬೇಗ ಮುಂದೆ ಹೋಗ್ತಿದೆ” ಅಂದರು. ಅತ್ತೆ ಆಗಲೇ ಸ್ವೆಟರ್ ಸರಿಮಾಡಿಕೊಳ್ಳುತ್ತಿದ್ದರು.